ಯೋಸ್ಟ್ ಡೈಶರನ ಗುರುತು

ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ, ಕಜ್ಜಾಯ ಕರಿಯುವ ಫಾಸ್ನಾಕ್ಟ್ ಮಂಗಳವಾರ, ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಅಡುಗೆಮನೆಗೆ ಬಂದವರೇ ಆ ವರ್ಷದ ಫಾಸ್ನಾಕ್ಟ್. ದಿನವಿಡೀ ಉಳಿದವರ ಗೇಲಿ ಕೇಳಿಸಿಕೊಳ್ಳಬೇಕು, ಮೇಲಾಗಿ ಎಣ್ಣೆಜಿಡ್ಡಿನ ಬಾಣಲೆಯಿಂದ ಹಿಡಿದು ಅಷ್ಟೂ ಪಾತ್ರೆ ತೊಳೆಯಬೇಕು. ಡೈಶರ್ ಮನೆಯಲ್ಲಿ ಹತ್ತು ವರ್ಷದಿಂದ ಈ ಕಿರೀಟ ಮೊಮ್ಮಗಳು ಡಾರ್ಲಾಳ ತಲೆ ಬಿಟ್ಟು ಕದಲಿರಲಿಲ್ಲ. 1976ರಲ್ಲಿ ಮಾತ್ರ, ಎಪ್ಪತ್ತಾರು ವರ್ಷದ ಎಲ್ಡಾ ಡೈಶರ್ ಮೆಟ್ಟಿಲಿಳಿದು ಬಂದಾಗ ಮೇಜಿನ ಸುತ್ತ ಮೂವರೂ ಆಗಲೇ ಕೂತು, ಬಿಸಿ ಕಜ್ಜಾಯ ಸೀಳಿ ಕಾಕಂಬಿ ಸವರುತ್ತಿದ್ದರು.

"ಬಂದಳಪ್ಪ ಈ ವರ್ಷದ ಫಾಸ್ನಾಕ್ಟು!" ಎಂದು ಮಗ ವಿಲ್ಮರ್ ಮೇಜು ಕುಟ್ಟಿದ.

"ನಾನು ಎದ್ದು ಗಂಟೆಯಾಯ್ತು ಕಣೋ. ಮೇಲೆ ಕಾಗದ ನೋಡ್ತಾ ಕೂತಿದ್ದೆ."

"ಅದೆಲ್ಲ ಲೆಕ್ಕಕ್ಕಿಲ್ಲ ಅತ್ತೆ. ಅಡುಗೆಮನೆಗೆ ಬಂದದ್ದಷ್ಟೇ ಲೆಕ್ಕ," ಎಂದಳು ಸೊಸೆ ಫರ್ನ್, ಕಾಲುಚೀಲದ ಕಾರ್ಖಾನೆಗೆ ಹೊರಡುವ ಅವಸರದಲ್ಲೂ ನಗುತ್ತಾ. "ಏಪ್ರನ್ ಅಲ್ಲೇ ಮೊಳೆಗೆ ನೇತಾಕಿದೀನಿ."

ಎಲ್ಡಾ ಡಾರ್ಲಾಳನ್ನು ನೋಡಿದಳು. ಹುಡುಗಿ ಸ್ನಾನ ಮಾಡಿ ತೋಳು ಮಡಚಿ ಕೂತಿದ್ದಳು. ಸಾಬೂನು ಹಾಕಿದರೂ ಮೈಯಿಂದ ಹೊಗೆ, ಮೆಣಸಿನ ವಾಸನೆ ಹೋಗಿರಲಿಲ್ಲ.

"ನಿನಗೆ ಯಾರು ನೀರು ಹಾಕಿ ಎಬ್ಬಿಸಿದರೇ?"

"ನಾಲ್ಕಕ್ಕೇ ಎದ್ದೆ ಅಜ್ಜಿ. ಮಾಂಸದಂಗಡಿ ಹೇಫರ್ ಅವರ ಹತ್ರ ಈ ಚಳಿಗಾಲದ ಕೊನೇ ಎರಡು ಹಂದಿ ಇತ್ತು. ಒಂದನ್ನ ಪೂರ್ತಿ ನಾನೇ ಬಿಡಿಸಿದೆ. ಅವರು ಕೈಕಟ್ಟಿ ನಿಂತು ನೋಡಿದರು ಅಷ್ಟೆ." ಡಾರ್ಲಾ ಬಾಯಲ್ಲಿದ್ದ ತುತ್ತು ನುಂಗಿ, ಅದೇ ಉಸಿರಿನಲ್ಲಿ ಹೇಳಿಬಿಟ್ಟಳು. "ಜೂನ್‌ನಲ್ಲಿ ಸ್ಕೂಲು ಮುಗೀತಿದ್ದ ಹಾಗೇ ಅವರ ಅಂಗಡಿಗೆ ಸೇರ್ತೀನಿ. ಹೂಂ ಅಂದಿದಾರೆ."

ಅಪ್ಪ ಅಮ್ಮ ಇಬ್ಬರೂ ತಟ್ಟೆ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತೆಂದು ಎಲ್ಡಾಳಿಗೆ ಆಗಲೇ ತಿಳಿಯಿತು.

"ಸಕ್ಕರೆ ಡಬ್ಬಿ ಹಿಂದೆ ಒಂದು ಅರ್ಜಿ ಇಟ್ಟಿದೀನಿ, ಅದೇನದು?"

"ಟೀಚರ್ಸ್ ಕಾಲೇಜಿಂದು."

"ಮೇ ಒಂದರೊಳಗೆ ಹೋಗಬೇಕು. ತುಂಬಿದೀಯಾ?"

"ಅಜ್ಜಿ, ನಾನು ಟೀಚರಾದರೆ ಆ ಮಕ್ಕಳ ಗತಿ ಏನು ಯೋಚಿಸಿ. ನನಗೇ ಓದಕ್ಕೆ ಬರಲ್ಲ."

"ಬರಲ್ಲ ಅಂತಲ್ಲ, ಮನಸ್ಸಿಟ್ಟು ಓದಲ್ಲ!" ಎಲ್ಡಾ ಗೋಡೆಯತ್ತ ಬೆರಳು ಮಾಡಿದಳು. ಅಲ್ಲಿ, ಒಲೆಯ ಮೇಲ್ಗಡೆ, ಕಪ್ಪು ಚೌಕಟ್ಟಿನೊಳಗೆ ಒಂದೇ ಒಂದು ಸಹಿಯನ್ನು ದೊಡ್ಡದು ಮಾಡಿ ಹಾಕಿತ್ತು: ಯೋಹಾನೆಸ್ ಡೈಶರ್. "ಅದನ್ನ ನೋಡು. ಸಾವಿರದ ಏಳುನೂರ ನಲವತ್ತನಾಲ್ಕು. ಫಿಲಡೆಲ್ಫಿಯಾದಲ್ಲಿ ಹಡಗಿಂದ ಇಳಿದು ದೊರೆಗೆ ನಿಷ್ಠೆಯ ಪ್ರಮಾಣ ಮಾಡುವಾಗ ಮಿಕ್ಕವರೆಲ್ಲ ಗೀಟು ಎಳೆದು ಕೈ ಒರೆಸಿಕೊಂಡರು. ನಮ್ಮವನು ಹೆಸರು ಬರೆದ. ಆವತ್ತಿಂದ ಈ ಮನೇಲಿ ಓದಿಗೆ ಬೆನ್ನು ತಿರುಗಿಸಿದವರಿಲ್ಲ."

"ನಾನೆಲ್ಲಿ ತಿರುಗಿಸಿದೆ ಅಜ್ಜಿ? ಓದೇ ನನಗೆ ಬೆನ್ನು ತಿರುಗಿಸ್ತು."

"ಕಟುಕಿ ಆಗ್ತಾಳಂತೆ, ಕಟುಕಿ!" ಎಂದು ಎಲ್ಡಾ ಏಪ್ರನ್ ಕಟ್ಟಿಕೊಂಡು ಬಾಣಲೆಗೆ ಕೈಹಾಕಿದಳು. ಅದು ಇನ್ನೂ ಸುಡುತ್ತಿತ್ತು.

ಎಲ್ಡಾ ಹುಟ್ಟಿದ್ದೂ ಡೈಶರ್, ಸೇರಿದ್ದೂ ಡೈಶರ್. ದೂರದ ಸೋದರಸಂಬಂಧಿಯನ್ನೇ ಮದುವೆಯಾದ್ದರಿಂದ ಹೆಸರು ಬದಲಾಯಿಸುವ ಕೆಲಸ ಉಳಿಯಿತು ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ನಲವತ್ತೊಂದು ವರ್ಷ ಒಂದೇ ಕೋಣೆಯ ಶಾಲೆಗಳಲ್ಲಿ ಎಂಟು ತರಗತಿಯನ್ನೂ ಒಬ್ಬಳೇ ಆಳಿದವಳು. ಗಂಡ ತೀರಿಕೊಂಡ ಮೇಲೆ, ನಿವೃತ್ತಿಯಾದ ಮೇಲೆ, ಅವಳಿಗಿದ್ದ ರಾಜ್ಯವೆಂದರೆ ಊಟದ ಮೇಜು ಮತ್ತು ಅದರ ಮೇಲಿನ ಬೂಟಿನ ಪೆಟ್ಟಿಗೆಗಳು. ಪ್ರತಿ ಆಗಸ್ಟಿನಲ್ಲಿ ಡೈಶರ್ ಕುಲದವರು ಓಕ್ ತೋಪಿನಲ್ಲಿ ಸೇರುವ ಪದ್ಧತಿ 1911ರಲ್ಲಿ ಆಸ್ಕರ್ ದೊಡ್ಡಪ್ಪನಿಂದ ಶುರುವಾದದ್ದು. ಚೌಕಟ್ಟಿನ ಸಹಿಯನ್ನು ಹುಡುಕಿ ತೆಗೆದವನೂ ಅವನೇ. ಈ ವರ್ಷ ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುತ್ತದೆಂದು ಊರೂರಲ್ಲಿ ಬಾವುಟ ಹಾರುತ್ತಿದ್ದವು. ಡೈಶರರಿಗೂ ಅಚ್ಚಾದ ಒಂದು ಕುಲಚರಿತ್ರೆ ಬೇಕೆಂದು ಎಲ್ಲರೂ ಸೇರಿ ಎಲ್ಡಾಳಿಗೆ ವಹಿಸಿದ್ದರು.

ಪೆಟ್ಟಿಗೆಗಳಲ್ಲಿ ಎರಡು ಮುಖ್ಯ. ಒಂದರ ಮೇಲೆ 'ನಮ್ಮವರು' ಎಂದು ಬರೆದಿತ್ತು, ಇನ್ನೊಂದರ ಮೇಲೆ 'ನಮ್ಮವರಲ್ಲ' ಎಂದು. ಹಳೆಯ ಚರ್ಚಿನ ಪುಸ್ತಕ, ತೆರಿಗೆ ಪಟ್ಟಿ, ಗೋರಿಕಲ್ಲು ಎಲ್ಲಿ ಡೈಶರ್ ಎಂಬ ಹೆಸರು ಸಿಕ್ಕರೂ ಎಲ್ಡಾ ಚೀಟಿಯಲ್ಲಿ ಬರೆದುಕೊಂಡು, ಒಂದು ಕ್ಷಣ ನೋಡಿ, ಯಾವುದಾದರೂ ಒಂದಕ್ಕೆ ಹಾಕುತ್ತಿದ್ದಳು. ತರಗತಿಯಲ್ಲಿ ಪಾಸು ಫೇಲು ಮಾಡಿದ ಕೈ, ಹಿಂಜರಿಯುತ್ತಿರಲಿಲ್ಲ.

ಸಂಜೆ ಊಟವಾದ ಮೇಲೆ ಡಾರ್ಲಾ ಅಜ್ಜಿಯ ಪಕ್ಕ ಕೂತು ಒಂದು ಪುಟ ಗಟ್ಟಿಯಾಗಿ ಓದಬೇಕು. ಇದು ಒಂದನೇ ತರಗತಿಯಿಂದ ನಡೆದುಬಂದ ಶಿಕ್ಷೆ. ಮಾರ್ಚ್ ಪೂರ್ತಿ ಅದು ಹೀಗೇ ನಡೆಯಿತು.

"'ವಲಸೆ ಬಂದವರು ಮೊದಲ ಚಳಿ... ಚಳಿಗಾಲ... ಗುಡಿ...'"

"ಗುಡಿಸಲಲ್ಲಿ."

"ಗುಡಿಸಲಲ್ಲಿ ಕಳೆ... ದ..."

"ಕಳೆದರು. ಮುಂದೆ."

"ಅಜ್ಜಿ, ಒಂದು ಕ್ಷಣ ತಡೀರಿ, ನಾನೇ ಹೇಳ್ತೀನಿ."

"ನೀನು ಹೇಳೋವರೆಗೆ ಕಾದರೆ ಅವರು ಗುಡಿಸಲಲ್ಲೇ ಸಾಯ್ತಾರೆ. ಮುಂದೆ ಓದು."

ಡಾರ್ಲಾ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಅಕ್ಷರಗಳು ಸಾರಿನಲ್ಲಿ ತೇಲುವ ಹಿಟ್ಟಿನುಂಡೆಗಳ ಹಾಗೆ ಮೇಲೆ ಕೆಳಗೆ ಆಡುತ್ತವೆಂದು ಅವಳು ಚಿಕ್ಕಂದಿನಲ್ಲಿ ಹೇಳಿದ್ದಳು. ಎಲ್ಡಾ ಅದನ್ನು ಸೋಮಾರಿತನದ ಒಳ್ಳೆಯ ವಿವರಣೆ ಎಂದುಕೊಂಡಿದ್ದಳು.

ಈಸ್ಟರಿನ ಹಿಂದಿನ ಹಸಿರು ಗುರುವಾರ ಹಸಿರೆಲೆ ತಿನ್ನಲೇಬೇಕು. ಫರ್ನ್ ಕಾರ್ಖಾನೆಯಿಂದ ಬಂದು, ಬೇಲಿಯಂಚಿನ ಎಳೆ ಡ್ಯಾಂಡೆಲಿಯನ್ ಸೊಪ್ಪು ಕಿತ್ತು, ಹಂದಿಮಾಂಸದ ಚೂರು ಹುರಿದು, ವಿನೆಗರ್ ಹಾಕಿದ ಬಿಸಿ ಗೊಜ್ಜು ಸುರಿದು ತಂದರೆ, ತಟ್ಟೆ ಇಡಲು ಮೇಜಿನಲ್ಲಿ ಜಾಗವಿಲ್ಲ.

"ಅತ್ತೆ, ಸತ್ತವರನ್ನ ಸ್ವಲ್ಪ ಆಕಡೆ ಸರಿಸಿ. ಬದುಕಿರೋರು ಉಣ್ಣಬೇಕು."

"ಆ ಮೂಲೆ ಖಾಲಿ ಇದೆಯಲ್ಲ."

"ಎರಡು ತಿಂಗಳಿಂದ ನಾಲ್ಕು ಜನ ಮೂಲೇಲಿ ಉಣ್ತಿದೀವಿ. ವಿಲ್ಮರ್ ಮೊಣಕೈ ನನ್ನ ಬಾಯಲ್ಲಿರುತ್ತೆ."

"ನನ್ನ ಮೊಣಕೈ ತಂಟೆಗೆ ಬರಬೇಡಿ," ಎಂದ ವಿಲ್ಮರ್. ಇಡೀ ದಿನ ದನದ ಮೇವಿನ ಲಾರಿ ಓಡಿಸಿ ಬಂದವನಿಗೆ ಜಗಳವೂ ಬೇಡ, ಚರಿತ್ರೆಯೂ ಬೇಡ.

ಅದೇ ಹೊತ್ತಿಗೆ ಕುಲಸಂಘದ ಅಧ್ಯಕ್ಷ ಕ್ಲೇಟನ್ ಡೈಶರನ ಫೋನು ಬಂತು. ಪಿಂಗಾಣಿ ತಟ್ಟೆಗಳು ತಯಾರಾಗಿವೆಯಂತೆ. ಇನ್ನೂರು ತಟ್ಟೆ, ಪ್ರತಿಯೊಂದರ ನಡುವೆ ನೀಲಿ ಬಣ್ಣದಲ್ಲಿ ಯೋಹಾನೆಸನ ಸಹಿ. ಪುಸ್ತಕಕ್ಕೆ ಅವನ ಮರಣಶಾಸನದ ನಕಲೂ ಬೇಕಂತೆ, ಬೇರೆ ಕುಲದವರೆಲ್ಲ ಹಾಕಿದ್ದಾರಂತೆ. ಎಲ್ಡಾ ಫೋನಿಟ್ಟು ಬಂದು ಅದನ್ನು ಹೇಳಿ, ಹಾಗೇ ಡಾರ್ಲಾಳ ಕಡೆ ತಿರುಗಿದಳು. "ಅರ್ಜಿ?"

"ತುಂಬಲ್ಲ ಅಜ್ಜಿ."

"ತಟ್ಟೆ ಮೇಲೆ ಸಹಿ ಹಾಕಿಸಿಕೊಂಡ ವಂಶದಲ್ಲಿ ಹುಟ್ಟಿ..."

"ಸಾಕು ಅತ್ತೆ!" ಫರ್ನ್ ಸೊಪ್ಪಿನ ಬಟ್ಟಲನ್ನು 'ನಮ್ಮವರು' ಪೆಟ್ಟಿಗೆಯ ಮೇಲೇ ಕುಕ್ಕಿದಳು. "ನಲವತ್ತೊಂದು ವರ್ಷ ಊರ ಮಕ್ಕಳಿಗೆಲ್ಲ ಓದು ಕಲಿಸಿದಿರಿ. ಮನೇಲಿರೋ ಒಂದು ಮಗೂಗೆ ಕಲಿಸಕ್ಕಾಗಲಿಲ್ಲ. ತಪ್ಪು ಮಗೂದೇ ಅಂತ ಯಾಕೆ ಅಂದುಕೊಂಡ್ರಿ?"

ವಿಲ್ಮರ್ ಮೆಲ್ಲಗೆ ಹೇಳಿದ, "ನನ್ನನ್ನೂ ಬೆಂಚಿನ ಮೇಲೆ ನಿಲ್ಲಿಸಿದ್ದೆ ಅಮ್ಮ. ಮನೆಮಾತಲ್ಲಿ ನೀರು ಕೇಳಿದ್ದಕ್ಕೆ. ನನಗೆ ಏಳು ವರ್ಷ."

"ಇಂಗ್ಲಿಷ್ ಬಂತೋ ಇಲ್ವೋ?"

"ಬಂತು. ನೀರು ಬರಲಿಲ್ಲ."

ಡಾರ್ಲಾ ಫಕ್ಕನೆ ನಕ್ಕಳು. ಎಲ್ಡಾ ನಗಲಿಲ್ಲ. ಸೊಪ್ಪು ಪೂರ್ತಿ ತಿಂದಳು, ಏಕೆಂದರೆ ಆ ದಿನ ತಿನ್ನಲೇಬೇಕು, ಆದರೆ ಆಮೇಲೆ ವಾರವಿಡೀ ಮೊಮ್ಮಗಳೊಂದಿಗೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ಫರ್ನ್‌ಗೆ ಹೇಳುವಳು, ಫರ್ನ್ ಡಾರ್ಲಾಳಿಗೆ ಹೇಳುವಳು, ಡಾರ್ಲಾ ಅಜ್ಜಿಯ ಕೈಗೇ ಕೊಡುವಳು.

ಜಿಲ್ಲಾ ಕಚೇರಿಯಿಂದ ಮರಣಶಾಸನದ ನಕಲು ಏಪ್ರಿಲ್ ಕೊನೆಯಲ್ಲಿ ಅಂಚೆಯಲ್ಲಿ ಬಂತು. ಜೊತೆಗೊಂದು ಚೀಟಿ: ಆ ಕಾಲದ್ದು ಡೈಶರ್ ಹೆಸರಿನಲ್ಲಿ ಇರುವುದು ಇದೊಂದೇ, 1791ರದ್ದು, ಯೋಸ್ಟ್ ಡೈಶರನದು. ಎಲ್ಡಾ ಕಿಟಕಿಯ ಬಳಿ ನಿಂತು ಕೊನೆಯ ಪುಟ ತಿರುವಿದಳು. ಆಮೇಲೆ ಅದನ್ನು ಮಡಚಿ 'ನಮ್ಮವರಲ್ಲ' ಪೆಟ್ಟಿಗೆಯ ತಳಕ್ಕೆ, ಇನ್ನೊಂದು ಹಳೆಯ ಲಕೋಟೆಯ ಕೆಳಗೆ ತುರುಕಿದಳು.

ಮೇ ಒಂದು ಬಂತು, ಹೋಯಿತು. ಅರ್ಜಿ ಸಕ್ಕರೆ ಡಬ್ಬಿಯ ಹಿಂದೆಯೇ ಇತ್ತು. ಕಾಲೇಜಿಗೆ ಫೋನು ಮಾಡಿ, ಅಲ್ಲಿದ್ದ ತನ್ನ ಹಳೆಯ ಶಿಷ್ಯನೊಬ್ಬನನ್ನು ಹಿಡಿದು, ಜೂನ್‌ವರೆಗೆ ಅವಕಾಶ ಪಡೆದಳು ಎಲ್ಡಾ. ಸೋಲುವ ಅಭ್ಯಾಸ ಅವಳಿಗಿರಲಿಲ್ಲ.

ಮೇ ತಿಂಗಳ ಎರಡನೇ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಡಾರ್ಲಾ ಮಾಂಸಕ್ಕೆ ಹೊಗೆ ಕೊಡುವ ಹಿತ್ತಿಲ ಹೊಗೆಮನೆಯಿಂದ ಮರದ ಒಂದು ದೊಡ್ಡ ತೊಟ್ಟಿಯನ್ನು ಎಳೆದು ತಂದು ಅಡುಗೆಮನೆಯ ಬಾಗಿಲಲ್ಲಿಟ್ಟಳು. ಮಾಂಸಕ್ಕೆ ಉಪ್ಪು ಹಾಕಿಡುವ ತೊಟ್ಟಿ. ಒಂದೇ ಮರದ ದಿಮ್ಮಿ ಕೊರೆದು ಮಾಡಿದ್ದು. ವಲಸೆ ಬಂದ ಮೂಲಪುರುಷ ಈ ಮನೆ ಕಟ್ಟಿದ ದಿನದಿಂದ ಅಲ್ಲೇ ಇತ್ತೆಂದು ಎಲ್ಲರೂ ಹೇಳುತ್ತಿದ್ದರು, ಐವತ್ತು ವರ್ಷದಿಂದ ಅದರೊಳಗೆ ಹಳೆ ಕುಂಡಗಳು ಬಿದ್ದಿದ್ದವು.

"ಹೇಫರ್ ಅವರು ಇಂಥದ್ದು ಈಗ ದುಡ್ಡು ಕೊಟ್ರೂ ಸಿಗಲ್ಲ ಅಂದ್ರು," ಎಂದು ಅವಳು ಬ್ರಷ್ಷು ಹಿಡಿದು ಉಜ್ಜತೊಡಗಿದಳು. ಒಳಗೆ ಫರ್ನ್ ಒಣಸೇಬು, ಹಂದಿತೊಡೆ, ಹಿಟ್ಟಿನುಂಡೆ ಬೇಯಿಸುತ್ತಿದ್ದಳು.

"ಅತ್ತೆ, ಇವತ್ತು ಭಾನುವಾರ. ಮೇಜು ನನಗೆ ಬೇಕೇ ಬೇಕು," ಎಂದವಳೇ ಉತ್ತರಕ್ಕೆ ಕಾಯದೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಎತ್ತಿದಳು. ಮೇಲಿನದು ಜಾರಿತು. 'ನಮ್ಮವರಲ್ಲ' ಎಲ್ಲರೂ ನೆಲದ ಮೇಲೆ ಹರಡಿದರು.

ಡಾರ್ಲಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ಮೊಣಕಾಲೂರಿ ಆಯತೊಡಗಿದಳು. ಕಾಗದಗಳ ಮೇಲಿನ ಬರಹದ ಕಡೆ ಅವಳು ಕಣ್ಣೂ ಹಾಯಿಸಲಿಲ್ಲ, ಅವಳಿಗೆ ಅದು ಹೇಗಿದ್ದರೂ ಅಷ್ಟೆ. ಆದರೆ ಒಂದು ಕಾಗದ ಎತ್ತಿಕೊಂಡವಳ ಕೈ ಅಲ್ಲೇ ತಡೆಯಿತು. ಕಾಗದವನ್ನು ನೋಡಿದಳು, ಬಾಗಿಲಲ್ಲಿದ್ದ ತೊಟ್ಟಿಯನ್ನು ನೋಡಿದಳು, ಎದ್ದು ಹೋಗಿ ತೊಟ್ಟಿಯ ಅಂಚಿಗೆ ಇನ್ನೆರಡು ಸಲ ಬ್ರಷ್ಷು ಉಜ್ಜಿದಳು.

"ಅಜ್ಜಿ, ಬನ್ನಿ ಇಲ್ಲಿ. ಇದು ನಮ್ಮ ತೊಟ್ಟಿ ಗುರುತು."

"ಯಾವುದು?"

"ಈ ಕಾಗದದ ಕೆಳಗೆ. ಉದ್ದಕ್ಕೆ ಒಂದು ಗೀಟು, ತಲೆ ಮೇಲೆ ಎಡಕ್ಕೆ ಬಾಗಿದ ಕೊಕ್ಕೆ, ಮಧ್ಯೆ ಎರಡು ಅಡ್ಡಗೀಟು, ಕೆಳಗಿಂದು ಚಿಕ್ಕದು. ಇಲ್ಲೂ ನೋಡಿ, ಕಬ್ಬಿಣ ಕಾಯಿಸಿ ಒತ್ತಿದಾರೆ. ಅದೇ ಕೊಕ್ಕೆ, ಅದೇ ಚಿಕ್ಕ ಗೀಟು."

ವಿಲ್ಮರ್ ಬಂದು ಬಗ್ಗಿ ನೋಡಿದ. "ಹೌದಲ್ಲಮ್ಮ!"

"ಮರಕ್ಕೆ ಗೀಟು ಬೀಳದೆ ಇನ್ನೇನು ಬೀಳುತ್ತೆ? ತಾ ಅದನ್ನ."

ಡಾರ್ಲಾ ಕಾಗದ ಕೊಡಲಿಲ್ಲ. "ಈ ಗುರುತು ಯಾರದು ಅಜ್ಜಿ?"

ಎಲ್ಡಾ ಕುರ್ಚಿ ಎಳೆದು ಕೂತಳು. ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳ ಕಿವಿ ಕೆಂಪಾಗುವುದನ್ನು ಅವಳು ಸಾವಿರ ಸಲ ಕಂಡಿದ್ದಳು, ಈಗ ಅವಳ ಕಿವಿಯೇ ಬಿಸಿಯಾಗಿತ್ತು. "ಗಡಿಯಾರದ ಕೆಳಗಿನ ಖಾನೇಲಿ ಒಂದು ಉದ್ದನೇ ಹಾಳೆ ಇದೆ. ತಾ," ಎಂದಳು.

ಅದು ಹಡಗಿನ ಪಟ್ಟಿಯ ಇಡೀ ಪುಟದ ನಕಲು. ಆಸ್ಕರ್ ದೊಡ್ಡಪ್ಪ ಅದರಿಂದ ಒಂದೇ ಸಾಲು ಕತ್ತರಿಸಿ ಚೌಕಟ್ಟು ಹಾಕಿಸಿದ್ದ. ಡಾರ್ಲಾ ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದಳು. ಯೋಹಾನೆಸನ ಸಹಿಯ ಮುಂದಿನ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಗುಮಾಸ್ತನ ಕೈಬರಹದ ನಡುವೆ, ಒರಟಾದ ಗೀಟಿನಲ್ಲಿ, ಅದೇ ಕೊಕ್ಕೆ ಇತ್ತು.

"ಯೋಹಾನ್ ಯೋಸ್ಟ್ ಡೈಶರ್," ಎಂದು ಎಲ್ಡಾ ತಾನೇ ಓದಿದಳು. "ಇವರಿಬ್ಬರೂ ಅಣ್ಣತಮ್ಮಂದಿರು. ಆ ಕಾಲದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಚರ್ಚಲ್ಲಿ ತಲೆಗೆ ನೀರು ಹಾಕಿ ಯೋಹಾನ್ ಅಂತಲೇ ಹೆಸರಿಡೋರು. ಕರೆಯೋದು ಎರಡನೇ ಹೆಸರಿಂದ. ನನ್ನನ್ನೂ ಅನ್ನಾ ಎಲ್ಡಾ ಅಂತ ಬರೆಸಿದಾರೆ, ಯಾರಾದ್ರೂ ಅನ್ನಾ ಅಂತಾರಾ? ಯೋಹಾನೆಸ್ ಅಂತ ಒಂದೇ ಹೆಸರಿದ್ದವನು ಬೇರೆ, ಯೋಸ್ಟ್ ಬೇರೆ. ಆಸ್ಕರ್ ದೊಡ್ಡಪ್ಪನಿಗೆ ನಮ್ಮ ಚರ್ಚಿನ ಪುಸ್ತಕದಲ್ಲಿ ಯೋಹಾನ್ ಅಂತ ಕಂಡದ್ದೇ ಸಾಕಾಯ್ತು. ಸಹಿ ಇದ್ದವನನ್ನ ಹಿಡಕೊಂಡ."

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದವಳು ಫರ್ನ್. ಕೈಯಲ್ಲಿ ಸೌಟು ಹಾಗೇ ಇತ್ತು.

"ಹದಿನೆಂಟು ವರ್ಷದಿಂದ ಅನುಮಾನ. ವರ್ಜೀನಿಯಾದ ಒಬ್ಬ ಹೆಂಗಸು ಬರೆದಿದ್ದಳು. ಯೋಹಾನೆಸ್ ಇಲ್ಲಿ ಎರಡು ವರ್ಷ ಇದ್ದು ದಕ್ಷಿಣಕ್ಕೆ ಹೋದ, ನಮ್ಮ ಚರ್ಚಿನ ಹಿಂದೆ ಮಲಗಿದಾನೆ, ನಿಮ್ಮವನು ಅವನ ತಮ್ಮ ಯೋಸ್ಟ್ ಇರಬೇಕು, ಅವನ ಗುರುತಿರೋ ವಸ್ತು ಏನಾದ್ರೂ ನಿಮ್ಮ ಮನೇಲಿದ್ರೆ ತಿಳಿಸಿ ಅಂತ. ಆ ಲಕೋಟೆ ಅಗೋ ನಿನ್ನ ಕಾಲ ಹತ್ರ ಬಿದ್ದಿದೆ. ನಾನು ಉತ್ತರ ಬರೀಲಿಲ್ಲ."

"ಯಾಕೆ ಅಜ್ಜಿ?"

"ಯಾಕೆ ಅಂದ್ರೆ? ನನಗೆ ಸಹಿ ಹಾಕಿದವನು ಬೇಕಿತ್ತು ಕಣೆ." ಎಲ್ಡಾ ಒಲೆಯ ಮೇಲಿನ ಚೌಕಟ್ಟಿನತ್ತ ಬೆರಳು ಮಾಡಿದಳು. "ನಾನು ಆ ಸಹಿ ತೋರಿಸಿ ನಲವತ್ತು ವರ್ಷ ಮಕ್ಕಳಿಗೆ ಬೈದೆ. ನಿನಗೂ ಬೈದೆ. ಗೀಟು ಎಳೆದವನ ಮೊಮ್ಮಗಳಾಗಿ ಹೇಗೆ ಬೈಲಿ?"

ಒಲೆಯ ಮೇಲೆ ಹಿಟ್ಟಿನುಂಡೆ ಉಕ್ಕಿ ಚುಂಯ್ ಎಂದಿತು. ಫರ್ನ್ ಓಡಿದಳು. ವಿಲ್ಮರ್ ತೊಟ್ಟಿಯ ಅಂಚನ್ನು ಸವರುತ್ತಾ, "ಏನೇ ಅನ್ನು ಅಮ್ಮ, ಗಟ್ಟಿ ಮಾಡಿದಾನೆ," ಎಂದ.

ಎಲ್ಡಾ ಊಟಕ್ಕೆ ಮೊದಲು ಕಾಗದವನ್ನೆಲ್ಲ ಆಯ್ದು ತುಂಬಿದಳು. ಯೋಸ್ಟನ ಶಾಸನ 'ನಮ್ಮವರು' ಪೆಟ್ಟಿಗೆಗೆ ಹೋಯಿತು. ಆ ದಿನ ನಾಲ್ವರೂ ಮೇಜಿನ ನಾಲ್ಕು ಬದಿಗೆ ಕೂತು ಉಂಡರು. ಮಾರನೆಯ ಬೆಳಿಗ್ಗೆ ಅವಳು ಸಕ್ಕರೆ ಡಬ್ಬಿಯ ಹಿಂದಿನಿಂದ ಅರ್ಜಿ ತೆಗೆದಳು. ಡಾರ್ಲಾ ಉಸಿರು ಬಿಗಿಹಿಡಿದಳು. ಎಲ್ಡಾ ಕಾಗದ ಮಗುಚಿ, ಖಾಲಿಯಿದ್ದ ಬೆನ್ನಿನ ಮೇಲೆ ಪುಸ್ತಕದ ಮೊದಲನೆಯ ಅಧ್ಯಾಯವನ್ನು ಹೊಸದಾಗಿ ಬರೆಯಲು ಕೂತಳು. ಒಳ್ಳೆಯ ಕಾಗದ ಹಾಳುಮಾಡುವ ಅಭ್ಯಾಸವೂ ಅವಳಿಗಿರಲಿಲ್ಲ.

ಆದರೂ ಮಾತು ಮುಗಿದಿರಲಿಲ್ಲ. "ಓದು ಬರದವನ ವಂಶ ಅಂತ ಆಯ್ತು, ಒಪ್ಪಿದೆ. ಹಾಗಂತ ನೀನು ಚಾಕು ಹಿಡೀಬೇಕು ಅಂತ ಅವನ ಶಾಸನದಲ್ಲಿ ಎಲ್ಲೂ ಬರೆದಿಲ್ಲ," ಎಂದಳು ಮೊಮ್ಮಗಳಿಗೆ. "ಇಡೀ ಆಸ್ತಿಪಟ್ಟಿ ನೋಡಿದೆ. ಪುಸ್ತಕ ಒಂದೂ ಇಲ್ಲ. ಚಾಕು ಎರಡು."

"ಎರಡಿವೆಯಲ್ಲ!"

"ಎಲ್ಲರ ಮನೇಲೂ ಎರಡಿರುತ್ತೆ. ಹಲ್ಲು ಕಿರೀಬೇಡ."

ಕ್ಲೇಟನ್ ಸುದ್ದಿ ಕೇಳಿ ಜೂನ್ ಮೊದಲ ವಾರ ಕಾರು ತಗೊಂಡು ಬಂದ. ಫರ್ನ್ ಕೊಟ್ಟ ಕಾಕಂಬಿ ಪೈ ಮುಟ್ಟಲಿಲ್ಲ, ಅದರಿಂದಲೇ ಅವನ ಸಿಟ್ಟು ಎಷ್ಟೆಂದು ಗೊತ್ತಾಯಿತು.

"ಎಲ್ಡಾ ಚಿಕ್ಕಮ್ಮ, ಇನ್ನೂರು ತಟ್ಟೆ ಮಾಡಿಸಿ ಕೂತಿದೀನಿ. ಮುನ್ನೂರು ಜನ ಬರ್ತಾರೆ. ಈಗ ನೀವು ನಮ್ಮನ್ನೆಲ್ಲ ಹೆಬ್ಬೆಟ್ಟು ಒತ್ತಿದವನ ಮಕ್ಕಳು ಮಾಡ್ತೀರಾ?"

"ನಾನು ಮಾಡೋದೇನು ಬಂತು? ಅವನು ಎಂಟು ಮಕ್ಕಳನ್ನ ಆಗಲೇ ಮಾಡಿ ಹೋಗಿದಾನೆ."

"ಈ ವರ್ಷ ಹೇಗಿದೆಯೋ ಹಾಗೇ ಬಿಡಿ. ಮುಂದಿನ ವರ್ಷ ನಿಧಾನಕ್ಕೆ ಹೇಳೋಣ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತು. ಹದಿನೆಂಟು ವರ್ಷ ನಿಧಾನ ಮಾಡಿದೀನಿ ಕ್ಲೇಟನ್, ಅದಕ್ಕಿಂತ ನಿಧಾನ ನನಗೆ ಬರಲ್ಲ." ಎಲ್ಡಾ ಪೈ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು. "ತಿನ್ನು. ನೀನು ಮೂರನೇ ತರಗತೀಲಿ ಸ್ಲೇಟು ಕದ್ದಾಗಲೂ ಇದೇ ಮುಖ ಮಾಡಿದ್ದೆ."

ಕ್ಲೇಟನ್ ತಿಂದ. ಎರಡನೇ ತುಂಡನ್ನೂ ತಿಂದ. ತಟ್ಟೆಗಳ ಬಗ್ಗೆ ಗೊಣಗುತ್ತಲೇ ಹೋದ, ಆದರೆ ಪುಸ್ತಕ ನಿಲ್ಲಿಸುವ ಮಾತಾಡಲಿಲ್ಲ.

ಡಾರ್ಲಾ ಶಾಲೆ ಮುಗಿಸಿ ಹೇಫರನ ಅಂಗಡಿಗೆ ಹೋಗತೊಡಗಿದಳು. ಯಾರೂ ಹೂಂ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಎರಡು ವಾರ ಕಳೆದ ಮೇಲೆ ಎಲ್ಡಾ ಒಂದು ಮಧ್ಯಾಹ್ನ ಟೋಪಿ ಇಟ್ಟುಕೊಂಡು, ಹೊಗೆ ಹಾಕಿದ ಸಾಸೇಜು ಬೇಕೆಂದು ನೆಪ ಮಾಡಿಕೊಂಡು ಅಲ್ಲಿಗೆ ನಡೆದಳು. ಲೂಥರ್ ಹೇಫರ್ ಅರವತ್ತು ದಾಟಿದ ಮಿತಭಾಷಿ. ಗಲ್ಲಾದ ಹಿಂದಿನಿಂದ ಎದ್ದು ನಿಂತು ತಲೆ ಬಾಗಿಸಿದ. ಅವನೂ ಅವಳ ಶಿಷ್ಯನೇ.

"ಏನೋ ಲೂಥರ್, ನನ್ನ ಮೊಮ್ಮಗಳಿಗೆ ಯಾವ ಪುಸ್ತಕದಿಂದ ಕಲಿಸ್ತಿದೀಯ?"

"ಪುಸ್ತಕ ಇಲ್ಲ ಟೀಚರ್. ನಾನು ಒಂದು ಸಲ ಮಾಡಿ ತೋರಿಸ್ತೀನಿ. ಆಮೇಲೆ ಸುಮ್ಮನೆ ನಿಲ್ತೀನಿ."

"ತಪ್ಪು ಮಾಡಿದ್ರೆ?"

"ಮಾಡ್ತಾಳೆ. ನಾನು ಬಾಯಿ ಹಾಕದೆ ಇದ್ರೆ ಅವಳೇ ಸರಿಮಾಡ್ಕೋತಾಳೆ."

ಒಳಬಾಗಿಲಿನ ಸಂದಿನಲ್ಲಿ ಡಾರ್ಲಾ ಕಾಣುತ್ತಿದ್ದಳು. ಕತ್ತಿನವರೆಗೆ ಬಿಳಿ ಏಪ್ರನ್, ಎದುರಿಗೆ ಹಂದಿಯ ತೊಡೆ. ಎಡಗೈ ಬೆರಳಿನಿಂದ ಮಾಂಸದೊಳಗೆ ಮೂಳೆ ಎಲ್ಲಿ ತಿರುಗುತ್ತದೆಂದು ತಡವಿ ನೋಡಿ, ಕ್ಷಣ ನಿಂತು, ಚಾಕುವಿನ ತುದಿ ಇಳಿಸಿದಳು. ಅವಸರವಿರಲಿಲ್ಲ, ತಡವರಿಕೆಯೂ ಇರಲಿಲ್ಲ. ಮೂಳೆ ಸ್ವಚ್ಛವಾಗಿ ಕೈಗೆ ಬಂತು. ಈ ಹುಡುಗಿ ಪುಸ್ತಕದ ಮುಂದೆ ಕೂತಾಗ ಹೆಗಲು ಕುಗ್ಗಿಸಿಕೊಂಡು ಕೂರುವವಳೇ ಎಂದು ಎಲ್ಡಾಳಿಗೆ ನಂಬಲಾಗಲಿಲ್ಲ. ಹನ್ನೆರಡು ವರ್ಷದ ಸಂಜೆಗಳು ಒಮ್ಮೆಗೇ ನೆನಪಾದವು. ಸಾಸೇಜು ತೆಗೆದುಕೊಂಡು, ಒಳಗೆ ಹೋಗದೆ, ಮನೆಗೆ ಬಂದಳು.

ಆ ಸಂಜೆ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಹಳೆ ಕಂಬಳಿಯಲ್ಲಿ ಸುತ್ತಿ, ವಿಲ್ಮರನ ಕೈಲಿ ಹಗ್ಗ ಬಿಗಿಸಿ, ವರ್ಜೀನಿಯಾದ ವಿಳಾಸ ಬರೆದಳು. ಜೊತೆಗೆ ಹದಿನೆಂಟು ವರ್ಷ ತಡವಾದ ಉತ್ತರ. ಆ ಹೆಂಗಸು ಬದುಕಿದ್ದಳು. ಎಂಬತ್ತೆಂಟು ವರ್ಷ. ಜುಲೈ ಕೊನೆಯಲ್ಲಿ ನಡುಗುವ ಅಕ್ಷರದಲ್ಲಿ ಒಂದು ಕಾರ್ಡು ಬಂತು: "ನಮ್ಮವನು ಕ್ಷೇಮವಾಗಿ ಮನೆ ಸೇರಿದ."

ಆಗಸ್ಟಿನ ಎರಡನೇ ಭಾನುವಾರ ಓಕ್ ತೋಪಿನಲ್ಲಿ ಮುನ್ನೂರ ಹತ್ತು ಜನ ಸೇರಿದರು. ಹಿಟ್ಟಿನ ತುಂಡು ಹಾಕಿದ ಕೋಳಿಸಾರು ಪಾಟ್‌ಪೈ ಹಂಡೆಯಲ್ಲಿ ಕುದಿಯಿತು, ಮೆಣಸು ಹಾಕಿದ ಕೋಸಿನ ಬಟ್ಟಲುಗಳು ಸಾಲಾಗಿ ನಿಂತವು. ಡಾರ್ಲಾ ಬೆಳಗಿನಿಂದ ತಾನೇ ಮಾಡಿದ ಸಾಸೇಜನ್ನು ಕೆಂಡದ ಮೇಲೆ ತಿರುವುತ್ತಿದ್ದಳು. ಇನ್ನೂರು ತಟ್ಟೆಗಳೂ ಕೆಲಸಕ್ಕೆ ಬಂದವು, ಊಟಕ್ಕೆ. ಸಾಸೇಜಿನ ರಸದ ಕೆಳಗೆ ಯೋಹಾನೆಸನ ನೀಲಿ ಸಹಿ ಮುಳುಗಿತ್ತು.

ಊಟದ ಮಧ್ಯೆ ಎಲ್ಡಾ ಎದ್ದು ನಿಂತಳು. ಧ್ವನಿವರ್ಧಕ ಬೇಡವೆಂದಳು, ಅದು ಅವಳಿಗೆ ಎಂದೂ ಬೇಕಾಗಿರಲಿಲ್ಲ. ಮಕ್ಕಳಿಗೆ ಮನೆಮಾತು ಬಾಯಿಗೆ ಬಂದರೆ ಬೆಂಚು ಹತ್ತಿಸಿದ್ದ ಟೀಚರು ಆ ದಿನ ಮನೆಮಾತಿನಲ್ಲೇ ಶುರುಮಾಡಿದಳು. ಮುದುಕರು ತಟ್ಟೆ ಬಿಟ್ಟು ತಲೆ ಎತ್ತಿದರು.

"ನಮ್ಮವನು ಯೋಸ್ಟ್. ಹೆಸರು ಬರೆಯಕ್ಕೆ ಬರ್ತಿರಲಿಲ್ಲ. ಅವನು ಕಟ್ಟಿದ ಮನೇಲಿ ನಾನು ಇವತ್ತು ಬೆಳಿಗ್ಗೆ ಕಾಫಿ ಕುಡಿದು ಬಂದೆ, ಮಾಡು ಸೋರ್ತಿಲ್ಲ. ಅರವತ್ತೈದು ವರ್ಷ ನಾವು ಬೇರೆಯವರ ತಾತನ ಹೆಸರಲ್ಲಿ ಉಂಡಿದೀವಿ. ಅದರಲ್ಲಿ ಹದಿನೆಂಟು ವರ್ಷ ನಾನು ಬೇಕಂತಲೇ ಮುಚ್ಚಿಟ್ಟೆ. ತಪ್ಪಾಯ್ತು. ಇದನ್ನ ಕಂಡುಹಿಡಿದವಳು ನಾನಲ್ಲ, ಅಲ್ಲಿ ಸಾಸೇಜು ಸುಡ್ತಿದಾಳಲ್ಲ, ಅವಳು."

ಹಿಂದಿನ ಸಾಲಿನಿಂದ ಯಾರೋ, "ಯೋಸ್ಟನಿಗೆ ಸಾಸೇಜು ಮಾಡಕ್ಕೆ ಬರ್ತಿತ್ತಾ?" ಎಂದು ಕೂಗಿದರು.

"ಗೊತ್ತಿಲ್ಲ. ಇವಳಿಗೆ ಬರುತ್ತೆ. ತಿಂದು ನೋಡು, ಆಮೇಲೆ ಮಾತಾಡು."

ಪುಸ್ತಕ ಹಂಚಿದರು. ಮುಖಪುಟದ ಮೇಲೆ ಕೊಕ್ಕೆಯ ಗುರುತು ಮಾತ್ರ ಇತ್ತು. ಒಳಗೆ ಯೋಸ್ಟನಿಂದ ಇಂದಿನವರೆಗೆ ಎಲ್ಲರ ಹೆಸರು, ಹುಟ್ಟಿದ ವರ್ಷ, ಕಸುಬು. ಡಾರ್ಲಾ ಕೈ ತೊಳೆದುಕೊಂಡು ಬಂದು ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತಳು. ಅವಳು ಪುಸ್ತಕ ತೆರೆಯುವವಳಲ್ಲ. ಎಲ್ಡಾಳೇ ಕೊನೆಯ ಪುಟ ತೆಗೆದು ತೊಡೆಯ ಮೇಲಿಟ್ಟು, ಕೆಳಗಿನಿಂದ ಮೂರನೇ ಸಾಲು ತೋರಿಸಿದಳು.

ಡಾರ್ಲಾ ಸಾಲಿನ ಕೆಳಗೆ ಬೆರಳಿಟ್ಟಳು. "ಡಾರ್ಲಾ. ಸಾವಿರದ ಒಂಬೈನೂರ ಐವತ್ತೆಂಟು." ಬೆರಳು ಮುಂದೆ ಸರಿದು ನಿಂತಿತು. "ಕ... ಕಸ..."

ಎಲ್ಡಾಳ ನಾಲಿಗೆಯ ತುದಿಗೆ ಆ ಪದ ಬಂದು ನಿಂತಿತು. ನಲವತ್ತೊಂದು ವರ್ಷದ ಅಭ್ಯಾಸ. ಅವಳು ತುಟಿ ಬಿಗಿಹಿಡಿದು, ಎರಡು ಕೈಯನ್ನೂ ಮಡಿಲಲ್ಲಿ ಜೋಡಿಸಿಕೊಂಡಳು. ಎದುರಿನ ಮೇಜಿನವರು ಎದ್ದು ಹೋದರು. ಯಾರೋ ಪೈ ಬೇಕೇ ಎಂದು ಕೇಳಿದರು, ಎಲ್ಡಾ ತಲೆಯಾಡಿಸಿ ಕಳಿಸಿದಳು. ಹುಡುಗಿಯ ಬೆರಳು ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು, ಮಾಂಸದೊಳಗೆ ಮೂಳೆ ಹುಡುಕುವ ಹಾಗೆ ಅಕ್ಷರದ ಮೇಲೆ ನಿಂತಿತು.

"ಕಸಾಯಿ," ಎಂದಳು ಡಾರ್ಲಾ. "ಕಸಾಯಿ ಕಸುಬು."

ತಲೆ ಎತ್ತಿ ಅಜ್ಜಿಯನ್ನು ನೋಡಿದಳು. "ಸರೀನಾ?"

"ನೀನೇ ಓದಿದೆಯಲ್ಲ," ಎಂದಳು ಎಲ್ಡಾ.